ಪಾಲು ಬೇರೆ, ಕಳೆದುಕೊಂಡದ್ದು ಬೇರೆ

ಮೀಸಲಾತಿ ಬೇಕೇ ಬೇಡವೇ ಎಂದು ವಾದಿಸುವವರು, ಅದು ಯಾರ ಹೆಸರಿನಲ್ಲಿದೆಯೋ ಅವರೆಲ್ಲರ ಕೈಗೂ ಎಟುಕುತ್ತಿದೆಯೇ ಎಂದು ಕೇಳುವುದು ಕಡಿಮೆ. ಬುಡಕಟ್ಟುಗಳ ವಿಷಯದಲ್ಲಂತೂ ಮೊದಲು ಕೇಳಬೇಕಾದ್ದು ಇದನ್ನೇ.

ಕರ್ನಾಟಕ 2022ರಲ್ಲಿ ಪರಿಶಿಷ್ಟ ಪಂಗಡಗಳ ಮೀಸಲಾತಿಯನ್ನು ಶೇ. 3ರಿಂದ 7ಕ್ಕೆ ಏರಿಸಿತು. 2011ರ ಜನಗಣತಿಯಂತೆ ರಾಜ್ಯದಲ್ಲಿ ಅವರ ಪ್ರಮಾಣ ಶೇ. 7ರ ಹತ್ತಿರವೇ ಇದ್ದುದರಿಂದ ಈ ಏರಿಕೆ ನ್ಯಾಯವಾದದ್ದೇ. ಆದರೆ ಒಳಗೆ ನೋಡಿದರೆ ಲೆಕ್ಕ ಬೇರೆ. ಅದೇ ಗಣತಿಯ 42 ಲಕ್ಷ ಜನರಲ್ಲಿ ಸುಮಾರು 33 ಲಕ್ಷ ಮಂದಿ ನಾಯಕ ಸಮುದಾಯದವರು. ಜೇನುಕುರುಬರು ಸುಮಾರು 36 ಸಾವಿರ. ಕೊರಗರು 15 ಸಾವಿರಕ್ಕೂ ಕಡಿಮೆ. ನಾಯಕರಲ್ಲೂ ಬಡವರು ಬೇಕಾದಷ್ಟಿದ್ದಾರೆ, ನಿಜ. ಆದರೂ ಊರಿನ ನಡುವೆ ಬೇಸಾಯ ಮಾಡಿಕೊಂಡು ಬಂದವರಿಗೂ, ಅಭಯಾರಣ್ಯದ ಹೆಸರಿನಲ್ಲಿ ನಾಗರಹೊಳೆಯ ಹಾಡಿಗಳಿಂದ ಎಬ್ಬಿಸಲ್ಪಟ್ಟವರಿಗೂ ಒಂದೇ ಪಟ್ಟಿ, ಒಂದೇ ಕಟ್‌ಆಫ್. ಕೊರಗರನ್ನು 'ಅಜಲು' ಎಂಬ ಹೀನ ಪದ್ಧತಿಯಿಂದ ಬಿಡಿಸಲು ಕಾನೂನು ಬಂದದ್ದೇ 2000ದಲ್ಲಿ. ಇದನ್ನು ಸಮಾನ ಸ್ಪರ್ಧೆ ಎನ್ನಲು ಬಾಯಿ ಬಾರದು.

ಪಟ್ಟಿಯನ್ನು ಒಡೆದರೆ ಬಲ ಕುಂದುತ್ತದೆ ಎಂಬ ಮಾತಿದೆ. ಅದನ್ನು ತಳ್ಳಿಹಾಕುವಂತಿಲ್ಲ. ನಾಯಕ ಸಮುದಾಯದ ವಾಲ್ಮೀಕಿ ಗುರುಪೀಠದ ಸ್ವಾಮೀಜಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತದ್ದರ ಒತ್ತಡವಿಲ್ಲದೆ ಶೇ. 7 ಅಷ್ಟು ಬೇಗ ಬರುತ್ತಿರಲಿಲ್ಲ. ಸಂಖ್ಯೆಯಿಲ್ಲದ ಕೊರಗರಿಂದ ಅದು ಆಗುವ ಕೆಲಸವಲ್ಲ. ಆದರೆ ಒಟ್ಟಾಗಿ ಗೆದ್ದದ್ದನ್ನು ಹಂಚಿಕೊಳ್ಳುವಾಗ ದೊಡ್ಡವರ ಪಾಲಿಗೇ ಬಿಟ್ಟರೆ ಒಗ್ಗಟ್ಟು ಎಂಬ ಮಾತಿಗೆ ಬೆಲೆಯೇನು? 2024ರ ದವಿಂದರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪರಿಶಿಷ್ಟ ಜಾತಿಗಳಲ್ಲಿ ಒಳಮೀಸಲಾತಿಗೆ ಒಪ್ಪಿತು. ಹೆಚ್ಚು ಹಿಂದುಳಿದವರಿಗೆ ಬೇರೆ ಪಾಲಿರಬೇಕು ಎಂಬ ಅದರ ತರ್ಕ ಪಂಗಡಗಳಿಗೂ ಹೊಂದುತ್ತದೆ.

ಒಳಮೀಸಲಾತಿಯೊಂದೇ ಸಾಲದು ಎಂಬುದೂ ಅಷ್ಟೇ ನಿಜ. ಆಶ್ರಮಶಾಲೆಯಲ್ಲೇ ಓದು ಬಿಟ್ಟ ಮಗುವಿಗೆ ಪದವಿ ಕೇಳುವ ಹುದ್ದೆಯಲ್ಲಿ ಪಾಲು ಕೊಟ್ಟರೆ, ಆ ಹುದ್ದೆ ಖಾಲಿ ಉಳಿದು ಬ್ಯಾಕ್‌ಲಾಗ್ ಪಟ್ಟಿ ಸೇರುತ್ತದೆ, ಅಷ್ಟೆ. ಅದಕ್ಕಿಂತ ಮುಖ್ಯವಾಗಿ, ಅವಕಾಶ ಸಿಗದವರಿಗೆ ಅವಕಾಶ ಕೊಡುವುದು ಮೀಸಲಾತಿಯ ಕೆಲಸ. ಕಾಡಿನ ಜನರಿಂದ ಕಸಿದದ್ದು ಅವಕಾಶವನ್ನಷ್ಟೇ ಅಲ್ಲ, ನೆಲವನ್ನು, ಜೇನು-ಗೆಡ್ಡೆಯ ಬದುಕನ್ನು. ಅದನ್ನು ಹಿಂದಿರುಗಿಸಲೆಂದೇ 2006ರ ಅರಣ್ಯ ಹಕ್ಕು ಕಾಯ್ದೆ ಬಂತು. ಬಿಳಿಗಿರಿರಂಗನ ಬೆಟ್ಟದ ಹುಲಿ ರಕ್ಷಿತಾರಣ್ಯದಲ್ಲಿ ಸೋಲಿಗರಿಗೆ 2011ರಲ್ಲಿ ಸಮುದಾಯದ ಹಕ್ಕುಪತ್ರ ಸಿಕ್ಕಿತು. ಹುಲಿಯಿರುವ ಕಾಡಿನಲ್ಲೂ ಜನರ ಹಕ್ಕನ್ನು ಮಾನ್ಯ ಮಾಡಬಹುದು ಎಂಬುದಕ್ಕೆ ಅದೇ ಸಾಕ್ಷಿ.

ಹಕ್ಕುಪತ್ರದಿಂದ ಯಾರ ಸೀಟೂ ಹೋಗುವುದಿಲ್ಲ, ಒಟ್ಟು ಮೀಸಲಾತಿಯ ಶೇ. 50ರ ಮಿತಿಯೂ ಮುರಿಯುವುದಿಲ್ಲ. ಆದ್ದರಿಂದ ಈ ಎರಡು ಲೆಕ್ಕಗಳನ್ನು ಬೇರೆಬೇರೆಯಾಗಿಯೇ ಇಡಬೇಕು. ಮೀಸಲಾತಿ ಮುಂದಿನ ಪಾಲು. ಕಾಡಿನ ಹಕ್ಕು ಹಳೆಯ ಬಾಕಿ. ಪಾಲು ಕೊಟ್ಟೆವೆಂದು ಬಾಕಿಯನ್ನು ಮನ್ನಾ ಮಾಡಿಕೊಳ್ಳುವ ಅಧಿಕಾರ ಸಾಲಗಾರನಿಗಿಲ್ಲ.