ಸೀಸೆ ಮದ್ದಿನ ಭಾರ ಯಾರ ತಲೆಗೆ?

ಹಳೆ ಬಂದರಿನ ಗೂಡ್ಸ್ ಟೆಂಪೋದವರಿಗೂ ದಕ್ಕೆಯ ಬೋಟಿನವರಿಗೂ ಒಂದು ಉಪದೇಶ ನಡೆದಿದೆ: “ಈಗಿನ ಡೀಸೆಲಿನಲ್ಲಿ ಜಿಡ್ಡಿಲ್ಲ, ಟ್ಯಾಂಕಿಗೊಂದು ಸೀಸೆ ಮದ್ದು ಹಾಕದಿದ್ದರೆ ಇಂಜೆಕ್ಟರ್ ಹೋಯಿತು!” ಮೊದಲು ಭಯವನ್ನು ಮಾರುವುದು, ಆಮೇಲೆ ಮದ್ದನ್ನು ಮಾರುವುದು!

ಮಿತ್ರರೇ, ಇದು ಅರ್ಧ ಸತ್ಯ. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿಎಸ್-6 ಡೀಸೆಲ್ ಬಂತು. ಗಂಧಕದ ಮಿತಿ ಹತ್ತು ಲಕ್ಷದಲ್ಲಿ 50 ಭಾಗ ಇದ್ದುದು 10ಕ್ಕೆ ಇಳಿಯಿತು. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲಿನ ಸಹಜವಾದ ಜಾರುಗುಣವೂ ಕುಗ್ಗುತ್ತದೆ. ಅದನ್ನೇ ನಂಬಿದ ಪಂಪು ಸವೆಯಬಹುದು. ಇಷ್ಟು ನಿಜ. ಮುಚ್ಚಿಟ್ಟ ಅರ್ಧವೇನು? ಆ ಕೊರತೆಯನ್ನು ತುಂಬುವ ಹೊಣೆ ತೈಲ ಕಂಪೆನಿಯದು. ಭಾರತೀಯ ಮಾನಕ 1460ರ ಪ್ರಕಾರ, ಪರೀಕ್ಷೆಯಲ್ಲಿ ಸವೆತದ ಗುರುತು 460 ಮೈಕ್ರಾನ್ ಮೀರಕೂಡದು. ಅದಕ್ಕೆ ಬೇಕಾದ ಮದ್ದನ್ನು ಬಂಕಿಗೆ ಬರುವ ಮೊದಲೇ ಬೆರೆಸಬೇಕು. ಅದರ ಬೆಲೆಯನ್ನು ನಾವು ಲೀಟರಿನ ಲೆಕ್ಕದಲ್ಲಿ ತೆತ್ತಾಗಿದೆ. ಎರಡನೆಯ ಸಲ ಏಕೆ ತೆರಬೇಕು?

ಇಂಜೆಕ್ಟರಿನ ದೊಡ್ಡ ಶತ್ರುಗಳು ನೀರು ಮತ್ತು ಧೂಳು. ಈಗಿನ ಕಾಮನ್ ರೈಲ್ ಎಂಜಿನಿನಲ್ಲಿ ಡೀಸೆಲಿನ ಒತ್ತಡ 1,600 ಬಾರ್ ಮುಟ್ಟುವುದುಂಟು. ಭಾಗಗಳ ನಡುವಿನ ಸಂದು ಕೂದಲೆಳೆಗಿಂತ ಎಷ್ಟೋ ಕಿರಿದು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನೊಳಗಿನ ತೇವ ನೀರಾಗಿ ಇಳಿಯುತ್ತದೆ. ಕೆಲವು ಮದ್ದುಗಳು ಆ ನೀರನ್ನು ಡೀಸೆಲಿನಲ್ಲಿ ಕಲಸಿ, ಫಿಲ್ಟರ್ ದಾಟಿಸಿ, ಇಂಜೆಕ್ಟರಿಗೇ ಮುಟ್ಟಿಸಿಬಿಡುತ್ತವೆ! ಕಿಟ್ಟ ತೊಳೆಯುವ ಒಳ್ಳೆಯ ಮದ್ದುಗಳೂ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಒಳಗೇನಿದೆ, ಯಾವ ಪರೀಕ್ಷೆಯಲ್ಲಿ ಪಾಸಾಗಿದೆ ಎಂದು ಸೀಸೆಯ ಮೇಲೆ ಬರೆಯದವನಿಗೆ ಕಾಸು ಬಿಚ್ಚಬೇಡಿ. ಆ ಹಣದಲ್ಲಿ ಒಳ್ಳೆಯ ಫಿಲ್ಟರ್ ಕೊಳ್ಳಿ, ಹೊತ್ತಿಗೆ ಸರಿಯಾಗಿ ಬದಲಿಸಿ. ಫಿಲ್ಟರಿನ ತಳದ ನೀರನ್ನು ಆಗಾಗ ಬಸಿಯಿರಿ. ಬಂಕಿನಲ್ಲಿ ಸಾಂದ್ರತೆಯ ಪರೀಕ್ಷೆಯನ್ನು ಕೇಳುವುದು ಗ್ರಾಹಕನ ಹಕ್ಕು, ಸಂಕೋಚವಿಲ್ಲದೆ ಕೇಳಿ.

ಮಂಗಳೂರಿನ ಮಗ್ಗುಲಲ್ಲೇ ಸಾರ್ವಜನಿಕ ರಂಗದ ಎಂಆರ್‌ಪಿಎಲ್ ಸಂಸ್ಕರಣಾಗಾರವಿದೆ. ಡೀಸೆಲ್ ತಯಾರಾಗುವ ಊರಿನಲ್ಲೇ ಅದರ ಗುಣವನ್ನು ಅರಿಯಲು ಬಡ ಚಾಲಕ ಸೀಸೆ ಮಾರುವವನ ಬಾಯಿ ನೋಡಬೇಕೇ? ಮಳೆಗಾಲದುದ್ದಕ್ಕೂ ಬಂಕುಗಳ ನೆಲದಡಿಯ ಟ್ಯಾಂಕುಗಳಲ್ಲಿ ನೀರಿದೆಯೇ ಎಂದು ಅಧಿಕಾರಿಗಳು ಪರೀಕ್ಷಿಸಲಿ. ಫಲಿತಾಂಶವನ್ನು ಎಲ್ಲರಿಗೂ ಕಾಣುವಂತೆ ಫಲಕದಲ್ಲಿ ಬರೆಸಲಿ.

ಮಾಲಿಕರಿಗೂ ಒಂದು ಮಾತು. ಫಿಲ್ಟರಿನಲ್ಲಿ ಕಾಸು ಉಳಿಸಿ, ಇಂಜೆಕ್ಟರ್ ಕೆಟ್ಟಾಗ ಚಾಲಕನ ಸಂಬಳದಲ್ಲಿ ಮುರಿದುಕೊಳ್ಳುವ ನ್ಯಾಯವನ್ನು ನಾವು ಒಪ್ಪುವುದಿಲ್ಲ. ಎಂಜಿನು ಯಾರದೋ, ಅದರ ಆರೈಕೆಯ ಖರ್ಚೂ ಅವರದೇ.