ರನ್‌ವೇ ಕಾಯಲು ಕಿವಿಯೊಂದೇ ಸಾಲದು

2024ರ ಜನವರಿ 2ರ ಸಂಜೆ ಟೋಕಿಯೊದ ಹನೇಡಾ ವಿಮಾನ ನಿಲ್ದಾಣದಲ್ಲಿ ಜಪಾನ್ ಕರಾವಳಿ ಕಾವಲು ಪಡೆಯ ಪುಟ್ಟ ವಿಮಾನವೊಂದು ಹೊರಡಲು ಸಜ್ಜಾಗಿತ್ತು. ಹಿಂದಿನ ದಿನವಷ್ಟೇ ನೋಟೊ ಪ್ರದೇಶ ಭೂಕಂಪಕ್ಕೆ ತತ್ತರಿಸಿತ್ತು; ಅಲ್ಲಿಗೆ ಪರಿಹಾರ ಸಾಮಗ್ರಿ ಮುಟ್ಟಿಸುವ ಅವಸರ. ‘ನಂಬರ್ ಒನ್, ಸಿ-5 ನಿಲುಗಡೆಯವರೆಗೆ ಬನ್ನಿ’ ಎಂದಿತು ನಿಲ್ದಾಣದ ನಿಯಂತ್ರಣ ಟವರ್. ಹೊರಡುವ ಸಾಲಿನಲ್ಲಿ ನೀವೇ ಮೊದಲು, ಆದರೆ ಸದ್ಯ ರನ್‌ವೇಯ ಅಂಚಿನಲ್ಲೇ ನಿಲ್ಲಿ ಎಂದು ಅದರ ಅರ್ಥ. ವಿಮಾನದಿಂದ ಆ ಸೂಚನೆ ತಪ್ಪಿಲ್ಲದೆ ಮರುನುಡಿಯಾಗಿ ಬಂತು. ಆಮೇಲೆ ವಿಮಾನ ಅಂಚಿನಲ್ಲಿ ನಿಲ್ಲದೆ ರನ್‌ವೇಯನ್ನೇ ಪ್ರವೇಶಿಸಿ ಸುಮಾರು 40 ಸೆಕೆಂಡು ಅಲ್ಲೇ ನಿಂತಿತು. ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್‌ನ ಎ350 ವಿಮಾನ ಅದಕ್ಕೆ ಡಿಕ್ಕಿ ಹೊಡೆಯಿತು. ದೊಡ್ಡ ವಿಮಾನದಲ್ಲಿದ್ದ 379 ಮಂದಿಯೂ ಬೆಂಕಿಯಿಂದ ಪಾರಾಗಿ ಹೊರಬಂದರು. ಪುಟ್ಟ ವಿಮಾನದ ಆರು ಮಂದಿಯಲ್ಲಿ ಐವರು ಸತ್ತರು.

ಈ ಘಟನೆಯಲ್ಲಿ ನನ್ನನ್ನು ಕಾಡುವುದು ಆ ಮರುನುಡಿ. ಸೂಚನೆ ಪಡೆದವರು ಅದನ್ನೇ ತಿರುಗಿ ಹೇಳಬೇಕು, ಕೊಟ್ಟವರು ಅದನ್ನು ತಾಳೆ ನೋಡಬೇಕು ಎಂಬುದು ವಿಮಾನಯಾನದ ಮೂಲ ಪಾಠ. ಅದಕ್ಕೆ ‘ರೀಡ್‌ಬ್ಯಾಕ್’ ಎನ್ನುತ್ತಾರೆ. ಅನೇಕ ಅನಾಹುತಗಳನ್ನು ಅದು ತಡೆದಿದೆ, ಸಂಶಯವಿಲ್ಲ. ಆದರೆ ಹನೇಡಾದಲ್ಲಿ ಈ ನಿಯಮ ಅಕ್ಷರಶಃ ಪಾಲನೆಯಾಗಿತ್ತು. ಮಾತು ಕಿವಿಯಿಂದ ಬಾಯಿಗೆ ಬಂದರೆ ಅದು ಬುದ್ಧಿಯನ್ನು ಹಾದುಬಂದಿದೆ ಎಂದು ನಾವು ನಂಬಿಕೊಂಡಿದ್ದೇವೆ. ಗಿಣಿಪಾಠ ಒಪ್ಪಿಸಿದ ಹುಡುಗನಿಗೆ ಪಾಠ ಅರ್ಥವಾಗಿದೆ ಎಂದು ಯಾವ ಮೇಷ್ಟರೂ ಹೇಳುವುದಿಲ್ಲ. ನೂರಾರು ಜೀವಗಳಿರುವ ರನ್‌ವೇ ವಿಷಯದಲ್ಲಿ ಮಾತ್ರ ನಾವು ಹಾಗೆ ಹೇಳುತ್ತಿದ್ದೇವೆ.

ಮಾತು ಎಷ್ಟು ಸುಲಭವಾಗಿ ಕೈಕೊಡುತ್ತದೆ ಎಂಬುದಕ್ಕೆ 1977ರ ಮಾರ್ಚ್ 27ಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸಿಡಿದ ಕಾರಣ ಸ್ಪೇನ್‌ನ ಟೆನೆರಿಫ್ ದ್ವೀಪದ ಸಣ್ಣ ನಿಲ್ದಾಣಕ್ಕೆ ಜಂಬೊ ವಿಮಾನಗಳನ್ನು ತಿರುಗಿಸಲಾಗಿತ್ತು. ದಟ್ಟ ಮಂಜು. ಕೆಎಲ್ಎಂ ವಿಮಾನಕ್ಕೆ ಟವರ್ ಕೊಟ್ಟದ್ದು ಮೇಲೇರಿದ ಮೇಲೆ ಅನುಸರಿಸಬೇಕಾದ ಮಾರ್ಗದ ಅನುಮತಿ ಮಾತ್ರ. ಸಹ ಪೈಲಟ್ ಅದನ್ನು ಮರುನುಡಿದು, ಕೊನೆಗೆ ‘ಈಗ ನಾವು ಟೇಕಾಫ್‌ನಲ್ಲಿದ್ದೇವೆ’ ಎಂಬರ್ಥದ ಮಾತು ಸೇರಿಸಿದರು. ಹೊರಟಿದ್ದೇವೆ ಎಂಬುದು ಅವರ ಅರ್ಥ. ಹೊರಡುವ ಜಾಗದಲ್ಲಿ ಕಾಯುತ್ತಿದ್ದಾರೆ ಎಂಬುದು ನಿಯಂತ್ರಕರ ಗ್ರಹಿಕೆ. ‘ಓಕೆ’ ಎಂದ ನಿಯಂತ್ರಕರು, ಕರೆಯುವವರೆಗೆ ಕಾಯಿರಿ ಎಂದೂ ಹೇಳಿದರು. ಅದೇ ಕ್ಷಣಕ್ಕೆ, ಅದೇ ರನ್‌ವೇಯಲ್ಲಿ ಸಾಗುತ್ತಿದ್ದ ಪ್ಯಾನ್ ಆಮ್ ವಿಮಾನದವರು ‘ನಾವಿನ್ನೂ ರನ್‌ವೇ ಮೇಲಿದ್ದೇವೆ’ ಎಂದರು. ವಿಮಾನದ ರೇಡಿಯೊದಲ್ಲಿ ಒಂದು ಕಂಪನಾಂಕದಲ್ಲಿ ಒಮ್ಮೆಗೆ ಒಬ್ಬರೇ ಮಾತಾಡಬಹುದು. ಇಬ್ಬರು ಗುಂಡಿ ಒತ್ತಿದರೆ ಕೇಳುವವರಿಗೆ ಕೀಚಲು ಸದ್ದಷ್ಟೇ. ಕೆಎಲ್ಎಂ ಕಾಕ್‌ಪಿಟ್‌ಗೆ ‘ಓಕೆ’ ಎಂಬುದು ಸ್ಪಷ್ಟವಾಗಿ ಮುಟ್ಟಿತು. ಜೀವ ಉಳಿಸಬಲ್ಲ ಎರಡು ವಾಕ್ಯಗಳು ಕೀಚಲಿನಲ್ಲಿ ಮುಳುಗಿದವು. ಆ ವಿಮಾನ ಇನ್ನೂ ದಾರಿ ಬಿಟ್ಟಿಲ್ಲವೇ ಎಂದು ಫ್ಲೈಟ್ ಎಂಜಿನಿಯರ್ ಕೇಳಿದರೂ ಕ್ಯಾಪ್ಟನ್ ತಮ್ಮ ನಂಬಿಕೆ ಬಿಡಲಿಲ್ಲ. ಎರಡು ವಿಮಾನಗಳೂ ಡಿಕ್ಕಿಯಾಗಿ ಸತ್ತವರು 583 ಮಂದಿ. ವಿಮಾನಯಾನದ ಇತಿಹಾಸದಲ್ಲಿ ಅದಕ್ಕಿಂತ ಭೀಕರ ಅಪಘಾತ ಇಲ್ಲ.

ಇದಾದ ಮೇಲೆ ಆದದ್ದೇನು? ಹೊರಡುವ ಅನುಮತಿ ಕೊಡುವಾಗ ಅಥವಾ ರದ್ದುಪಡಿಸುವಾಗ ಹೊರತು ‘ಟೇಕಾಫ್’ ಪದವನ್ನು ಬಳಸಬಾರದು ಎಂಬ ನಿಯಮ ಬಂತು. 1996ರಲ್ಲಿ ಹರಿಯಾಣದ ಚರ್ಖಿ ದಾದ್ರಿಯ ಆಕಾಶದಲ್ಲಿ ಎರಡು ವಿಮಾನ ಡಿಕ್ಕಿಯಾಗಿ 349 ಮಂದಿ ಸತ್ತಾಗ ಅವುಗಳಲ್ಲೊಂದರ ಕಜಕ್ ಸಿಬ್ಬಂದಿಯ ಇಂಗ್ಲಿಷ್ ಕೊರತೆ ಚರ್ಚೆಗೆ ಬಂತು. ಮುಂದೆ ಅಂತರರಾಷ್ಟ್ರೀಯ ಭಾಷಾ ಪರೀಕ್ಷೆಗಳು ಕಡ್ಡಾಯವಾದವು. ಹನೇಡಾದ ಬಳಿಕ ಜಪಾನ್ ‘ನಂಬರ್ ಒನ್’ ಎನ್ನುವುದನ್ನೇ ಕೆಲಕಾಲ ನಿಲ್ಲಿಸಿತು. ಎಲ್ಲವೂ ಅಗತ್ಯದ ಸುಧಾರಣೆಗಳೇ. ಆದರೂ ಅಪಘಾತಕ್ಕೊಂದು ಪದ ತಿದ್ದುತ್ತಾ ಹೋದರೆ ಮುಂದೆ ಯಾವ ಪದ ದಾರಿ ತಪ್ಪಿಸೀತು ಎಂದು ತಿಳಿಯುವುದು ಶವಗಳನ್ನು ಎಣಿಸಿದ ಮೇಲೆಯೇ.

ನಮ್ಮ ರೈಲ್ವೆ ಈ ಸಮಸ್ಯೆಗೆ ಬಹಳ ಹಿಂದೆಯೇ ಉತ್ತರ ಕಂಡುಕೊಂಡಿತ್ತು. ಏಕಪಥದ ಮಾರ್ಗಗಳಲ್ಲಿ ಸ್ಟೇಷನ್ ಮಾಸ್ಟರ್‌ನ ಬಾಯಿಮಾತು ನಂಬಿ ಚಾಲಕ ಗಾಡಿ ಬಿಡುತ್ತಿರಲಿಲ್ಲ. ಬಳೆಯಂಥ ದೊಡ್ಡ ಉಂಗುರದ ಚೀಲದಲ್ಲಿ ಲೋಹದ ಟೋಕನ್ ಕೈಗೆ ಬರಬೇಕಿತ್ತು. ಎರಡು ನಿಲ್ದಾಣಗಳ ಯಂತ್ರಗಳು ಒಂದಕ್ಕೊಂದು ಬೆಸೆದಿದ್ದರಿಂದ ಒಮ್ಮೆಗೆ ಒಂದೇ ಟೋಕನ್ ಹೊರಬರುತ್ತಿತ್ತು. ರನ್‌ವೇ ಕೂಡ ಏಕಪಥವೇ. ಅಲ್ಲಿನ ಟೋಕನ್ ಎಂದರೆ ‘ಸ್ಟಾಪ್ ಬಾರ್’, ಅಂದರೆ ರನ್‌ವೇ ಪ್ರವೇಶದಲ್ಲಿ ನೆಲದಲ್ಲಿ ಹುದುಗಿಸಿದ ಕೆಂಪು ದೀಪಗಳ ಸಾಲು. ಅದು ಉರಿಯುವಾಗ ರೇಡಿಯೊ ಏನೇ ಹೇಳಿದರೂ ದಾಟುವಂತಿಲ್ಲ. ಹಲವೆಡೆ ಅದನ್ನು ಮಂಜು ಕವಿದಾಗ ಮಾತ್ರ ಉರಿಸುತ್ತಾರೆ. ಹನೇಡಾದಲ್ಲಿ ಅಂದು ಮಂಜಿರಲಿಲ್ಲ.

ಯಂತ್ರವನ್ನೂ ಮನುಷ್ಯ ಕಡೆಗಣಿಸುತ್ತಾನಲ್ಲ ಎಂಬ ಆಕ್ಷೇಪ ತೂಕದ್ದು. ಹನೇಡಾದಲ್ಲೇ ರನ್‌ವೇ ಮೇಲೆ ವಿಮಾನ ನಿಂತಿರುವುದನ್ನು ಪರದೆ ತೋರಿಸುತ್ತಿತ್ತು, ನಿಯಂತ್ರಕರು ಗಮನಿಸಲಿಲ್ಲ. ಆದರೆ ಆ ಎಚ್ಚರಿಕೆ ಹೋಗಿದ್ದು ಟವರ್‌ಗೆ. ಅಲ್ಲಿಂದ ಅದು ಮತ್ತೆ ಮಾತಾಗಿಯೇ ಪೈಲಟ್‌ಗೆ ತಲುಪಬೇಕಿತ್ತು. ಕೆಂಪು ದೀಪ ನೇರವಾಗಿ ಪೈಲಟ್ ಕಣ್ಣಿಗೇ ಬೀಳುತ್ತದೆ. ಅಮೆರಿಕದ ಸುಮಾರು 20 ನಿಲ್ದಾಣಗಳಲ್ಲಂತೂ ಇಂಥ ದೀಪಗಳು ನಿಯಂತ್ರಕರ ಕೈಗೂ ಕಾಯದೆ ಸ್ವಯಂಚಾಲಿತವಾಗಿ ಹೊತ್ತಿಕೊಳ್ಳುತ್ತವೆ. ಹಾಗೆಂದು ರೇಡಿಯೊ ಬೇಡವೆಂದಲ್ಲ. 2023ರ ಫೆಬ್ರವರಿಯಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಮಂಜಿನ ನಡುವೆ ಇಳಿಯುತ್ತಿದ್ದ ಸರಕು ವಿಮಾನದ ಪೈಲಟ್‌ಗಳು ಕೆಳಗೆ ಹೊರಡುತ್ತಿದ್ದ ಪ್ರಯಾಣಿಕ ವಿಮಾನವನ್ನು ಕಂಡು, ರೇಡಿಯೊದಲ್ಲೇ ನೇರವಾಗಿ ಎಚ್ಚರಿಸಿ ಮೇಲೇರಿದರು. ಎಲ್ಲರೂ ಎಲ್ಲರನ್ನೂ ಕೇಳಿಸಿಕೊಳ್ಳುವ ಆ ಗುಣ ಉಳಿಯಲೇಬೇಕು. ಇನ್ನು ಖರ್ಚಿನ ಮಾತು: ಹೊಸ ಟರ್ಮಿನಲ್‌ಗಳ ಅಲಂಕಾರಕ್ಕೆ ಹಣ ಹೊಂದಿಸುವ ದೇಶಕ್ಕೆ ದೀಪಗಳ ಸಾಲು ಭಾರವಾಗದು.

ನಮ್ಮ ದೇವನಹಳ್ಳಿಯಲ್ಲೂ 2022ರ ಜನವರಿ 7ರಂದು ಎದೆ ನಡುಗಿಸುವ ಘಟನೆ ನಡೆಯಿತು. ದಕ್ಷಿಣ ರನ್‌ವೇ ಬಳಕೆ ನಿಲ್ಲಿಸುವ ತೀರ್ಮಾನ ಆ ಬದಿಯ ಟವರ್‌ಗೆ ಮುಟ್ಟಲಿಲ್ಲ. ಕೋಲ್ಕತ್ತ ಮತ್ತು ಭುವನೇಶ್ವರದತ್ತ ಹೊರಟ ಎರಡು ವಿಮಾನಗಳು ಅಕ್ಕಪಕ್ಕದ ರನ್‌ವೇಗಳಿಂದ ಒಟ್ಟಿಗೇ ಏರಿ ಪರಸ್ಪರ ಹತ್ತಿರವಾದವು. ರೇಡಾರ್ ನೋಡುತ್ತಿದ್ದ ನಿಯಂತ್ರಕರೊಬ್ಬರು ಅವನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ್ದರಿಂದ ಅಪಾಯ ತಪ್ಪಿತು. ರನ್‌ವೇ ಮುಚ್ಚುವುದೆಂದರೆ ಬಾಯಲ್ಲಿ ಹೇಳುವುದು ಎಂದಾಗದೆ, ಅದರ ಕೆಂಪು ದೀಪಗಳಿಗೆ ಬೀಗ ಹಾಕುವುದು ಎಂದಾಗಿದ್ದರೆ ಒಂದು ವಿಮಾನ ನೆಲದಲ್ಲೇ ನಿಲ್ಲುತ್ತಿತ್ತು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ದೇಶದ ದಟ್ಟಣೆಯ ಪ್ರತಿ ರನ್‌ವೇಯಲ್ಲೂ ಸ್ಟಾಪ್ ಬಾರ್‌ಗಳನ್ನು ಹಗಲು, ರಾತ್ರಿ, ಯಾವ ಹವಾಮಾನದಲ್ಲೂ ಉರಿಸುವುದನ್ನು ಕಡ್ಡಾಯ ಮಾಡಲಿ. ಹನೇಡಾದಲ್ಲಿ ಆ ದೀಪಗಳು ಇದ್ದವು. ಆ ಸಂಜೆ ಅವು ಉರಿಯುತ್ತಿರಲಿಲ್ಲ.