ಹಿಮಸಾರಂಗಕ್ಕೆ ಚಳಿಯಲ್ಲ, ಮಳೆ ಶತ್ರು

ಚಳಿ ತಗ್ಗಿದರೆ ಧ್ರುವಪ್ರದೇಶದ ಪ್ರಾಣಿಗಳಿಗೆ ಹಿತವಲ್ಲವೇ ಎಂದು ವಾದಿಸುವವರಿದ್ದಾರೆ. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಹಿಮಸಾರಂಗಗಳ ಸ್ಥಿತಿ ಬೇರೆಯದನ್ನೇ ಹೇಳುತ್ತದೆ. ದಟ್ಟ ತುಪ್ಪಳದ ಈ ಜೀವಿ ಬೇಸಿಗೆಯಲ್ಲಿ ಕೂಡಿಟ್ಟ ಕೊಬ್ಬನ್ನು ಚಳಿಗಾಲವಿಡೀ ಜಿಪುಣತನದಿಂದ ವ್ಯಯಿಸುತ್ತದೆ. ಓಡಾಟ ತಗ್ಗಿಸಿ, ಹಿಮ ಕೆದಕಿ ಒಣಮೇವು ಹುಡುಕುತ್ತದೆ. ಈಗ ನಡುಚಳಿಗಾಲದಲ್ಲೇ ಮಳೆ ಸುರಿಯತೊಡಗಿದೆ. ಆ ನೀರು ಹೆಪ್ಪುಗಟ್ಟಿ ಮೇವಿನ ಮೇಲೆ ಮಂಜುಗಡ್ಡೆಯ ಮುಚ್ಚಳವಾಗುತ್ತದೆ. ಆದಾಯ ನಿಂತರೂ ದೇಹದ ಖರ್ಚು ನಿಲ್ಲದು.

1994ರಲ್ಲಿ ಹುಟ್ಟಿದ ಹೆಣ್ಣುಗಳು ಬೆಳೆದಾಗ ಸುಮಾರು 55 ಕಿಲೋ ತೂಗಿದರೆ, 2010ರಲ್ಲಿ ಹುಟ್ಟಿದವು 48 ಕಿಲೋ ಮಾತ್ರ. ಬೇಸಿಗೆಯ ಹಸಿರು ಹೆಚ್ಚಿ ಹಿಂಡುಗಳು ಬೆಳೆದಿರುವುದು ನಿಜ. ಹಂಚಿಕೊಳ್ಳುವ ಬಾಯಿಗಳೂ ಹೆಚ್ಚಿದವು. ಹಾಗಾಗಿ ಸರ್ಕಾರಗಳು ಬರಿಯ ತಲೆಯೆಣಿಕೆಯನ್ನು ನಂಬಿ ಕೂರುವುದು ಸರಿಯಲ್ಲ. ಚಳಿಗಾಲದ ಕೊನೆಗೆ ತೀರಾ ಸೊರಗಿದ ಹೆಣ್ಣುಗಳು ಗರ್ಭವನ್ನೇ ಕಳೆದುಕೊಳ್ಳುತ್ತವೆ.